ಒಂದು ಕಾರ್ಡು, ಎರಡು ಜಾಲ

೧೪ ಆಗಸ್ಟ್ ೨೦೦೮, ಗುರುವಾರ

ಹೆಬ್ಬಳ್ಳಿ ದವಾಖಾನೆಯ ವೈರ್‌ಲೆಸ್ ಇವತ್ತೂ ಕಡಿಯಿತು. ಒಂದೇ ವೈರ್‌ಲೆಸ್ ಕಾರ್ಡು ಎರಡು ಜಾಲ ನಡೆಸುವಂತೆ ಅದರ ಡ್ರೈವರ್ ತಂತ್ರಾಂಶ ಬರೆದವಳು ನಮ್ಮ ಕಚೇರಿಯ ರಜನಿ. ಒಂದು ಜಾಲ ಧಾರವಾಡದ ಡಾಕ್ಟರಿಗೆ, ಇನ್ನೊಂದು ದವಾಖಾನೆಯ ಕಂಪ್ಯೂಟರುಗಳಿಗೆ. ಎರಡನೆಯದನ್ನು ಮುಚ್ಚಿದರೆ ಇಡೀ ಕಾರ್ಡೇ ಆರುತ್ತಿತ್ತು.

ನರ್ಸ್ ಸಾವಕ್ಕ ಫೋನಿನಲ್ಲಿ ರೇಗಿದರು: "ಇಲ್ಲಿ ಒಬ್ಬಾಕಿ ಹೆರಿಗಿ ಬ್ಯಾನಿ ತಿನ್ನಾಕತ್ತಾಳ, ಡಾಕ್ಟರ್ ಮಾತು ನಡಕ ನಿಂತ್ರ ನಾ ಏನ್ ಮಾಡ್ಲಿರಿ?"

ಪಕ್ಕದಲ್ಲೇ ಕೇಳುತ್ತಿದ್ದ ರಜನಿಯ ಮುಖ ಬಾಡಿತು. "ತಪ್ಪು ನಂದರಿ."

"ಇಬ್ರೂ ಕೂಡಿ ಹುಡುಕೋಣ ಬಾ," ಎಂದೆ.

ಇನ್ನೊಂದು ಜಾಲ ಬಳಕೆಯಲ್ಲಿದೆಯೇ ಎಂದು ನೋಡದೆ ಡ್ರೈವರ್ ಕಾರ್ಡನ್ನು ಆರಿಸುತ್ತಿತ್ತು. ತಿದ್ದಿ ಕಳಿಸಿದೆವು.

ಸಂಜೆ ಮತ್ತೆ ಸಾವಕ್ಕ: "ಮಾತು ಕಡೀಲಿಲ್ಲರಿ. ಹೆಣ್ಣು ಕೂಸು, ತಾಯಿ ಆರಾಮ ಅದಾಳ. ನಾ ಬೈದದ್ದು ಮನಸಿಗೆ ಹಚ್ಕೋಬ್ಯಾಡ ಅಂತ ಆ ಹುಡುಗಿಗೆ ಹೇಳ್ರಿ."

ಹೇಳಿದೆ. ರಜನಿ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು. ಅವಳ ಮುಂದೆ ಒಂದು ಲೋಟ ಚಹಾ ಇಟ್ಟು ಪಕ್ಕದಲ್ಲೇ ಕೂತೆ.