ಸೊಪ್ಪಿನ ಹುಡುಗಿಗೆ ಬಡಿಸಿದ ಊಟ

ಕಿರಂಗೂರು
ಗುರುವಾರ, ಬೆಳಗಿನ ಹಾಲು ಅಳೆದಾದ ಮೇಲೆ

ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆಯಲ್ಲಿ ಕುರ್ಚಿ ಸಾಲದೆ ಕೆಳಗೆ ಕೂತ ಮಾನ್ಯರೇ, ಒಗ್ಗರಣೆಯ ವಾಸನೆ ಹಿಡಿದು ಬಂದ ಬಂಧುಗಳೇ, ಮತ್ತು ಈ ಸಭೆಗೆ ನಿಜವಾಗಿ ಬಂದಿರುವ ಒಬ್ಬಳೇ ಶ್ರೋತೃವಾದ ನನ್ನ ಅಕ್ಕನ ಮಗಳು ಸ್ನೇಹಳೇ,

ಕಿರಂಗೂರಿನ ಹಾಲಿನ ಸಂಘದ ಕಾರ್ಯದರ್ಶಿಯೂ, ಸುತ್ತಲಿನ ಶಾಲಾ ವಾರ್ಷಿಕೋತ್ಸವಗಳ ಕಾಯಂ ನಿರೂಪಕನೂ ಆದ ನಿನ್ನ ಮಾವ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಹಾಲಿನ ಫ್ಯಾಟು ಕೂಡ ಕ್ಷೇಮ. ನಾನು ಮಾತ್ರ ಈ ಸೋಮವಾರದಿಂದ ಸರಿಯಾಗಿ ಉಂಡಿಲ್ಲ. ನಿನ್ನೆ ಮತ್ತೆ ಮತ್ತೆ ಫೋನ್ ಮಾಡಿ, ಹಾಸ್ಟೆಲ್ಲಿನ ಸಾಂಬಾರು ಹೇಗಿದೆ ಎಂದು ಕೇಳಿ ಇಟ್ಟುಬಿಟ್ಟೆನಲ್ಲ, ನಾನು ಹೇಳಬೇಕೆಂದಿದ್ದುದು ಸಾಂಬಾರಿನ ವಿಷಯವಲ್ಲ. ನಿನ್ನತ್ತೆ ಮಂಗಳಮ್ಮ ಪಕ್ಕದಲ್ಲೇ ನಿಂತಿದ್ದವಳು, “ಸ್ಟೇಜ್ ಮ್ಯಾಲೆ ಮೈಕ್ ಕೊಟ್ರೆ ಇಳ್ಸಕ್ಕೆ ನಾಕ್ ಜನ ಬೇಕು. ಆ ಮಗೀಗೆ ಒಂದ್ ಮಾತ್ ಹೇಳಕ್ಕೆ ನಾಲ್ಗೆ ಏಳಕಿಲ್ವಾ?” ಅಂದಳು. ಅದಕ್ಕೇ ಈ ಕಾಗದ. ಇದರಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ, ನಾನು ಫೋನ್ ಇಟ್ಟುಬಿಡುವಂತಿಲ್ಲ.

ಬರುವ ಸೋಮವಾರ ನಿನ್ನ ಗೈಡ್ ಮೇಡಂ ಮತ್ತು ಪರೀಕ್ಷಕರ ಮುಂದೆ ನಿನ್ನ ಪ್ರಬಂಧದ ಬಗ್ಗೆ ನೀನು ಏನು ಹೇಳಬೇಕಾಗಿದೆ ಎನ್ನುವುದು ನನಗೆ ಬಾಯಿಪಾಠ. ನಮ್ಮ ಜಗಲಿಯ ಮೇಲೆ ಕೂತೇ ಅಲ್ಲವೇ ನೀನು ಅದನ್ನು ಓದಿ ಓದಿ ತೋರಿಸಿದ್ದು. ನಾಲೆ ನೀರಿನ ಊರುಗಳಲ್ಲಿ ಗದ್ದೆಗೂ ಕಬ್ಬಿಗೂ ಎಷ್ಟೇ ಕಳೆ ಔಷಧಿ ಹೊಡೆದರೂ ಬದುವಿನಲ್ಲಿ ಬೆರಕೆ ಸೊಪ್ಪು ತಾನಾಗಿ ಬೆಳೆಯುತ್ತಲೇ ಇದೆ, ಜನ ಕಿತ್ತು ಬಸ್ಸಾರು ಮಾಡಿ ಉಣ್ಣುತ್ತಲೇ ಇದ್ದಾರೆ, ಔಷಧಿಯಿಂದ ಊಟಕ್ಕೆ ಅಂಥ ಪೆಟ್ಟೇನೂ ಬಿದ್ದಿಲ್ಲ. ಇದಕ್ಕೆ ಸಾಕ್ಷಿ, ಊಟದ ಹೊತ್ತಿಗೆ ನೀನು ಹೋಗಿ ಕೂತ ಮನೆಗಳು. ಅಣ್ಣೆ, ಗಣಿಕೆ, ಹೊನಗೊನೆ ಎಲ್ಲವನ್ನೂ ಕಣ್ಣಾರೆ ಕಂಡಿದ್ದೀಯ, ಉಂಡಿದ್ದೀಯ. ಆ ಸಂಭ್ರಮದಲ್ಲಿ ನಾನೂ ಎರಡು ಸಾಲು ಕಟ್ಟಿದ್ದೆ:

ಬದುವಿನ ಮೇಲೆ ಬೆಳೆದರೆ ಬೆರಕೆ,
ಬಸ್ಸಾರಿಗೆ ಬೇಡ ಬೇರೆ ಹರಕೆ.

ಅದನ್ನು ಮೊದಲ ಪುಟಕ್ಕೆ ಹಾಕಿಕೊಳ್ಳುತ್ತೇನೆ ಮಾವ ಎಂದು ನೀನೇ ಹೇಳಿದ್ದೆ. ದಯವಿಟ್ಟು ತೆಗೆದುಬಿಡು. ಪ್ರಾಸ ಸರಿಯಿದೆ, ಬದು ಸರಿಯಿಲ್ಲ.

ಸೋಮವಾರ ಸಂಘದ ಕೆಲಸಕ್ಕೆಂದು ಬೆಳಗೊಳಕ್ಕೆ ಹೋಗಿದ್ದೆ. ಅಲ್ಲಿನ ಕಾರ್ಯದರ್ಶಿ ತಮ್ಮಯ್ಯ ಊಟಕ್ಕೆ ಎಳೆದುಕೊಂಡು ಹೋದ. ಅವನ ಹೆಂಡತಿ ಪಾರ್ವತಮ್ಮನ ಬಸ್ಸಾರನ್ನು ನೀನು ಫೋಟೊ ಹಿಡಿದೆಯಲ್ಲ, ಅದೇ ಮನೆ. ಬಡಿಸಿದ್ದು ಅನ್ನ, ಅಂಗಡಿ ಪುಡಿ ಹಾಕಿದ ಟೊಮೆಟೊ ಸಾರು, ಹಪ್ಪಳ. ಸೊಪ್ಪೆಲ್ಲಿ ಎಂದು ತಮಾಷೆಗೆ ಕೇಳಿದೆ. ಪಾರ್ವತಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೇಳಿದಳು:

“ಮೊದ್ಲೇ ಹೇಳ್ಬಾರ್ದಾಗಿತ್ತಾ ಅಣ್ಣ? ಆ ಸೊಪ್ಪಿನ್ ಹುಡ್ಗಿ ಬಂದಾಗ ನಾಗಮಂಗ್ಲದ ನಮ್ ತವರಿಂದ ತರ್ಸಿದ್ದೆ. ನಮ್ ಗದ್ದೆ ಬದಿನಲ್ಲಿ ಎಲ್ಲೈತೆ ಸೊಪ್ಪು? ಔಸ್ದಿ ಹೊಡ್ದ್ ಮ್ಯಾಲೆ ಒಂದ್ ಕಡ್ಡಿ ಏಳಕಿಲ್ಲ.”

“ಸೊಪ್ಪಿಲ್ಲ ಅಂತ ಮಗೀನ ಅಂಗೇ ಕಳ್ಸಕ್ಕಾಯ್ತದೇನ್ಲಾ?” ಎಂದ ತಮ್ಮಯ್ಯ. ಅವನ ಮಟ್ಟಿಗೆ ಅಲ್ಲಿಗೆ ಮಾತು ಮುಗಿಯಿತು. ನಾನು ಅರ್ಧಕ್ಕೇ ಎದ್ದು ಕೈ ತೊಳೆದೆ.

ಹೊರಗೆ ಬಂದು ನೀನು ಹೋಗಿದ್ದ ಮನೆಗಳಿಗೆ ಒಂದೊಂದಾಗಿ ಫೋನ್ ಮಾಡಿದೆ. ಪಾಂಡವಪುರದ ಕಡೆಯವರು ಸಂತೆಯಲ್ಲಿ ಕೊಂಡು ತಂದಿದ್ದರಂತೆ. ಇನ್ನೊಂದು ಮನೆಯವರು ಸೊಸೆಯನ್ನು ಕೆರೆಯ ಹಿಂದಿನ ಬೀಳು ನೆಲಕ್ಕೆ ಕಳಿಸಿದ್ದರಂತೆ. ಮಹದೇವಸ್ವಾಮಿ ಎಂಬ ಪುಣ್ಯಾತ್ಮ, ಎಲ್ಲೂ ಸಿಗದೆ ದಂಟು, ಪಾಲಕ್ ಎರಡನ್ನೂ ಕಲಸಿ ಬೇಯಿಸಿ, ನೀನು ಹೆಸರು ಕೇಳಿದಾಗ ಬಾಯಿಗೆ ಬಂದ ಹೆಸರು ಹೇಳಿದನಂತೆ. ಅದನ್ನು ನೀನು ಅಪರೂಪದ ಸೊಪ್ಪು ಎಂದು ಬರೆದುಕೊಂಡಿದ್ದೀಯ. ನೀನು ಹೋದ ನಾಗಮಂಗಲದ ಮನೆಗಳಲ್ಲಿ ಬಡಿಸಿದ್ದು ಎಷ್ಟು ನಿಜ, ಎಷ್ಟು ನಂಟಸ್ತಿಕೆ, ಅದು ನನಗೂ ತಿಳಿಯದು. ಒಬ್ಬರ ದನಿಯಲ್ಲೂ ಮೋಸ ಮಾಡಿದ ಅಳುಕಿಲ್ಲ. ಬಂದವಳು ಇಷ್ಟಪಡುವುದನ್ನು ಬಡಿಸಿದರು, ಅಷ್ಟೆ.

ನೀನು ಬರುವುದು ಅವರಿಗೆ ಮೊದಲೇ ಹೇಗೆ ಗೊತ್ತಾಯಿತು ಎಂದು ಸಭಿಕರು ಕೇಳಬಹುದು. ಯಾರೋ ಒಬ್ಬ ಹಿತೈಷಿ ಹಿಂದಿನ ದಿನವೇ ಮನೆಮನೆಗೂ ಫೋನ್ ಮಾಡಿ, ಹುಡುಗಿ ಸೊಪ್ಪಿನ ಮೇಲೆ ಓದುತ್ತಿದ್ದಾಳೆ, ಬರಿ ತಟ್ಟೆ ಇಟ್ಟು ಮರ್ಯಾದೆ ಕಳೆಯಬೇಡಿ ಎಂದು ಹೇಳುತ್ತಿದ್ದನಂತೆ. ಸಭೆ ಅವನನ್ನು ಖಂಡಿಸಬೇಕು. ಖಂಡಿಸುವಾಗ ಒಂದು ವಿಷಯ ಗಮನಕ್ಕಿರಲಿ. ಶುರುವಿನಲ್ಲಿ ಯಾರೋ ನಿನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ ದಿನ, ನೀನು ಊಟವಿಲ್ಲದೆ ಬಂದು ಚೀಲ ತಬ್ಬಿಕೊಂಡು ಜಗಲಿಯ ಮೂಲೆಯಲ್ಲಿ ಕೂತಿದ್ದನ್ನು ಅವನು ನೋಡಿರಬಹುದು.

ಈಗ ನನ್ನ ಭಯ ಕೇಳು. ಪರೀಕ್ಷಕರಲ್ಲಿ ಒಬ್ಬರು ನಮ್ಮ ಕಡೆಯವರೇ ಆಗಿದ್ದು, ನಡಿಯಮ್ಮ ಆ ಬದು ತೋರಿಸು ಎಂದುಬಿಟ್ಟರೆ ಏನು ಗತಿ ಎಂದು ಮೊದಲು ಹೆದರಿದೆ. ಅದಕ್ಕಿಂತ ದೊಡ್ಡ ಹೆದರಿಕೆ ಆಮೇಲೆ ಹುಟ್ಟಿತು. ಯಾರೂ ಏನೂ ಕೇಳದೆ ಭೇಷ್ ಎಂದುಬಿಟ್ಟರೆ? ಔಷಧಿಯಿಂದ ಊಟಕ್ಕೆ ತೊಂದರೆಯಿಲ್ಲ ಎನ್ನುವ ಮಾತು ನಿನ್ನ ಹೆಸರಿನಲ್ಲಿ ಅಚ್ಚಾಗುತ್ತದೆ. ಔಷಧಿ ಮಾರುವವನು ಅದಕ್ಕೆ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕುತ್ತಾನೆ.

ಮಾಕವಳ್ಳಿಯ ನರಸಯ್ಯನ ಮನೆ ನೆನಪಿದೆಯೇ? ದಾರಿಯಲ್ಲಿ ಸಿಕ್ಕವರನ್ನು ಕೇಳಿಕೊಂಡು ನೀನೇ ಹೋದ ಮನೆ. ಅವನ ಹೆಂಡತಿ ಅನ್ನ, ಉಪ್ಪಿನಕಾಯಿ ಇಟ್ಟು, “ಬೆರ್ಕೆ ಸೊಪ್ಪಾ? ಅದು ನಮ್ಮತ್ತೆ ಕಾಲ್ದಲ್ಲೇ ಹೋಯ್ತು ಕಣವ್ವ” ಎಂದಳೆಂದು ನೀನು ಮುಖ ಊದಿಸಿಕೊಂಡು ಬಂದೆ. ಉಳಿದ ಯಾವ ಮನೆಗೂ ತಾಳೆಯಾಗುವುದಿಲ್ಲ ಎಂದು ಅದನ್ನು ಲೆಕ್ಕದಿಂದಲೇ ಬಿಟ್ಟೆ. ನಾನು ಪಕ್ಕದಲ್ಲಿ ಕೂತು ತಲೆಯಾಡಿಸಿದೆ.

ಈ ಕಾಗದ ಕೈಗೆ ಬಂದ ಕೂಡಲೇ ಮೇಡಂ ಹತ್ತಿರ ಹೋಗು. ಬೈದರೆ ಬೈಸಿಕೋ. ಸೋಮವಾರದ್ದು ಮುಂದಕ್ಕೆ ಹೋದರೆ ಹೋಗಲಿ. ಚೀಲ ಹಾಕಿಕೊಂಡು ಬಾ, ಮೊದಲಿನಿಂದ ತಿರುಗು. ಎಲ್ಲಿಗೆ, ಯಾವತ್ತು ಹೋಗುತ್ತೀಯ ಎನ್ನುವುದನ್ನು ಮಾತ್ರ ಈ ಮನೆಯಲ್ಲಿ ಯಾರಿಗೂ ಹೇಳಬೇಡ.

ಅತ್ತೆ ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ.

ಇಂತು ಸಭೆಯನ್ನು ಮುಗಿಸುತ್ತಿರುವ
ನಿನ್ನ ಮಾವ,
ಪುಟ್ಟರಾಜು

ಮರೆತ ಮಾತು: ಮರೆತಿರಲಿಲ್ಲ. ಪಾರ್ವತಮ್ಮನ ಮಾತಿನಲ್ಲಿ ಅರ್ಧ ನುಂಗಿಕೊಂಡು ಬರೆದೆ. ಅವಳು ಅಂದದ್ದು, “ಆವತ್ತು ಫೋನ್ ಮಾಡ್ದಂಗೆ ಇವತ್ತೂ ಮಾಡಿ ಮೊದ್ಲೇ ಹೇಳ್ಬಾರ್ದಾಗಿತ್ತಾ ಅಣ್ಣ” ಎಂದು. ಆ ಹಿತೈಷಿ ನಾನೇ ಕಣಮ್ಮಿ. ಹಾಲು ಹಾಕುವವರ ನಂಬರೆಲ್ಲ ನೀನು ತಿರುಗಿದ ನಾಲ್ಕೂ ತಾಲ್ಲೂಕಿನ ಕಾರ್ಯದರ್ಶಿಗಳಿಂದ ನನಗೆ ಸಿಗುತ್ತಿತ್ತು. ನರಸಯ್ಯನ ಮನೆಯಲ್ಲಿ ಹಸುವಿಲ್ಲ, ಹಾಗಾಗಿ ನಂಬರೂ ಸಿಗಲಿಲ್ಲ. ನೀನು ಉಂಡದ್ದರಲ್ಲಿ ಅದೊಂದೇ ಅವರ ಮನೆಯ ಊಟ.