ಮೇಲಿನ ಸಾಲು ಮುಂಚೆ ಕಾಲು ಬಡಿಯಬೇಕು

ಕೆಂಪುಗುಂಡಿ, ಸಂಡೂರು ಸೀಮೆ
ಇಸವಿ ೨೨೧೪, ಹೆಚ್ಚುತಿಂಗಳು, ಮೂರನೆಯ ದಿನ

ರಾಕ್ ಕಛೇರಿಗಳಲ್ಲಿ ಕೊನೆಯ ಸಾಲಿಗೆ ನಿಂತು ಕುಣಿದ ಹಿರಿಯರಿಗೆ, ಹೊನ್ನೂರಮ್ಮನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಹೆಚ್ಚುತಿಂಗಳು ನಮ್ಮ ಹದಿಮೂರನೆಯ ತಿಂಗಳು. ಬಿಸಿಲಿನ ಹೊಡೆತಕ್ಕೆ ಕೆಲಸ ನಿಲ್ಲಿಸಿದ ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ಒಟ್ಟು ಮಾಡಿ, ವರ್ಷದ ಕೊನೆಗೆ ಇಟ್ಟುಕೊಂಡಿದ್ದೇವೆ. ಈ ತಿಂಗಳಲ್ಲಿ ದುಡಿಯುವುದು ತಪ್ಪು, ಹಾಡುವುದು ಸರಿ. ನನ್ನ ಮಾತು ನಿಮ್ಮ ಕಿವಿಗೆ ಅಲ್ಲಲ್ಲಿ ಸೊಟ್ಟಗೆ ಬಿದ್ದರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ವಯಸ್ಸಾದ ಮೇಲೆ ಕಲಿತವಳು ನಾನು. ಈ ಪತ್ರ ನಿಮ್ಮನ್ನು ಹೇಗೆ ತಲುಪುತ್ತದೆ ಎಂದು ಮಾತ್ರ ಕೇಳಬೇಡಿ. ಹಿಮ್ಮುಖ ಅಂಚೆಯವರನ್ನು ನಾನೂ ಕೇಳಿದೆ. ಅವರು ನಕ್ಕು ಲಕೋಟೆಗೆ ಮುದ್ರೆ ಒತ್ತಿದರು.

ಮೊದಲು ನಮ್ಮ ಕಿವಿಗಳ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮಲ್ಲಿ ಪ್ರತಿಯೊಬ್ಬರ ಕಿವಿಯಲ್ಲೂ ಜೋಳದ ಕಾಳಿನಷ್ಟು ದೊಡ್ಡ ಮಣಿಯೊಂದಿರುತ್ತದೆ. ಅದಕ್ಕೆ ಕಿವಿಮಣಿ ಎನ್ನುತ್ತೇವೆ. ಹೊರಗಿನ ಸದ್ದೆಲ್ಲ ಅದರ ಮೂಲಕವೇ ಒಳಗೆ ಬರಬೇಕು, ಅದೂ ತಿದ್ದಿಸಿಕೊಂಡು. ಹಾಡುವವರ ಶ್ರುತಿ ತಪ್ಪಿದರೆ ಮಣಿ ಸರಿಮಾಡುತ್ತದೆ. ನಿಮಗೆ ತಾರಸ್ಥಾಯಿ ಇಷ್ಟವಿಲ್ಲವೆಂದರೆ ತಗ್ಗಿಸುತ್ತದೆ. ಒಂದೇ ಮನೆಯಲ್ಲಿ ಒಂದೇ ಹಾಡನ್ನು ಗಂಡ ಒಂದು ಥರ ಕೇಳುತ್ತಾನೆ, ಹೆಂಡತಿ ಇನ್ನೊಂದು ಥರ ಕೇಳುತ್ತಾಳೆ, ಇಬ್ಬರೂ ಚೆನ್ನಾಗಿತ್ತು ಎಂದು ತಲೆಯಾಡಿಸುತ್ತಾರೆ. ಎಷ್ಟು ದೂರ ನಿಂತರೂ ಸದ್ದು ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಕೇಳಿಸುತ್ತದೆ. ಹುಟ್ಟಿದಾಗಿನಿಂದ ಹೀಗೇ ಕೇಳಿದ ನಮಗೆ ಸದ್ದು ನಡೆದುಕೊಂಡು ಬರುತ್ತದೆ, ದಾರಿಯಲ್ಲಿ ಹೊತ್ತಾಗುತ್ತದೆ ಎನ್ನುವುದು ಗೊತ್ತೇ ಇರಲಿಲ್ಲ. ನಗಬೇಡಿ. ನಮ್ಮ ಮಾನ ಹೋದದ್ದು ಇದೇ ವಿಷಯದಲ್ಲಿ.

‘ತಗಡು’ ಎಂಬ ತಂಡ ನಮ್ಮ ಸೀಮೆಯಲ್ಲಿ ಹುಟ್ಟಿದಾಗ ನನಗೆ ಹತ್ತೊಂಬತ್ತು. ಹಾಡುವವಳು ಹುಲಿಗೆಮ್ಮ, ಅವಳನ್ನು ಎಲ್ಲರೂ ಹುಲಿಗಿ ಎಂದೇ ಕರೆಯುತ್ತಾರೆ. ಗಿಟಾರ್ ಮೌಲಾಲಿಯದು. ಡ್ರಮ್ಸ್ ಬಾರಿಸುವವನು ಗಾದಿಲಿಂಗ. ತಮ್ಮ ಕಛೇರಿಗೆ ಬರುವವರು ಕಿವಿಮಣಿ ತೆಗೆದು ಸೆರಗಿಗೋ ಅಂಗಿಯ ಚುಂಗಿಗೋ ಗಂಟು ಹಾಕಿಕೊಳ್ಳಬೇಕು ಎಂಬುದೊಂದೇ ಅವರ ಶರತ್ತು. ಜಾಗ, ನಿಮ್ಮ ಕಾಲದವರು ಅದಿರು ಅಗೆದು ಬಿಟ್ಟುಹೋದ ಗುಂಡಿ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕೆಂಪು ಗೋಡೆಗಳು, ತಳದಲ್ಲಿ ತಂಡ, ಮೆಟ್ಟಿಲುಗಳ ಮೇಲೆ ಸಾಲುಸಾಲಾಗಿ ಕೇಳುವವರು, ನಾನು ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ. ಅಗೆದದ್ದಕ್ಕೆ ನಿಮ್ಮನ್ನು ಬೈಯುವವರು ಇಲ್ಲಿ ಬಹಳ ಜನ ಇದ್ದಾರೆ. ನಾನು ಬೈಯುವುದಿಲ್ಲ, ಅಷ್ಟು ಒಳ್ಳೆಯ ಜಾಗ ಇನ್ನೆಲ್ಲೂ ಸಿಗುತ್ತಿರಲಿಲ್ಲ. ನಸುಕಿನಲ್ಲಿ ಹಾಡು ಶುರು, ಗುಂಡಿಯ ತಳಕ್ಕೆ ಬಿಸಿಲು ಇಳಿಯುವ ಹೊತ್ತಿಗೆ ಮುಕ್ತಾಯ. ಆಮೇಲೆ ಎಲ್ಲರಿಗೂ ಮಂಡಾಳು, ಅಂದರೆ ಮಂಡಕ್ಕಿ, ಒಗ್ಗರಣೆ ಮತ್ತು ಮಿರ್ಚಿ. ಇನ್ನೂರು ವರ್ಷ ಕಳೆದರೂ ಮಿರ್ಚಿಯನ್ನು ತಿದ್ದುವ ಯಂತ್ರ ಯಾರೂ ಮಾಡಿಲ್ಲ, ಪುಣ್ಯ.

ಪ್ರತಿಯೊಬ್ಬರೂ ಮನೆಯಿಂದ ಒಂದು ತುಂಡು ತಗಡು ತಂದು ಕಾಲಡಿಗೆ ಹಾಕಿಕೊಂಡು, ಹಾಡಿಗೆ ತಕ್ಕಂತೆ ಅದರ ಮೇಲೆ ಕಾಲು ಬಡಿಯಬೇಕು. ತಂಡಕ್ಕೆ ಹೆಸರು ಬಂದದ್ದೇ ಅದರಿಂದ. ಮೊದಲ ದಿನ ನಾವು ಬಡಿದೆವು. ದೇವರೇ, ಎಂಥ ರಾಡಿ! ಕೆಳಗಿನವರದು ಒಂದು ಪೆಟ್ಟಾದರೆ ನಡುವಿನವರದು ಇನ್ನೊಂದು, ಮೇಲಿನವರದು ಎಲ್ಲ ಮುಗಿದ ಮೇಲೆ. ಗಾದಿಲಿಂಗ ಕೋಲು ಕೆಳಗಿಟ್ಟು ತಲೆ ಮೇಲೆ ಕೈ ಹೊತ್ತ. ಕೆಳಗಿನ ಸಾಲಿನವರು ತಿರುಗಿ ನಮ್ಮನ್ನು ಬೈದರು. ನಾವು ಕೇಳಿಸಿದ ಹಾಗೆಯೇ ಬಡಿದಿದ್ದೇವೆ ಎಂದು ಆಣೆ ಮಾಡಿದೆವು, ಅದು ಸುಳ್ಳೂ ಆಗಿರಲಿಲ್ಲ. ಹುಲಿಗಿ ಸ್ವಲ್ಪ ಹೊತ್ತು ಗುಂಡಿಯನ್ನು ಕೆಳಗಿಂದ ಮೇಲಕ್ಕೆ ನೋಡಿದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು: "ಮ್ಯಾಲಿನೋರಾ, ನೀವು ಕೇಳಿ ಬಡೀಬ್ಯಾಡ್ರಿ! ಕೇಳೋಕಿನ್ನ ಮುಂಚೆ ಬಡೀರಿ!"

ಕೇಳಿಸುವ ಮುಂಚೆ ಬಡಿಯುವುದೆಂದರೆ ಹಾಡು ಬಾಯಿಪಾಠವಾಗಿರಬೇಕು. ಮುಂದಿನ ಪೆಟ್ಟು ಬಂದೇ ಬರುತ್ತದೆ ಎಂದು ನಂಬಿ ಕಾಲೆತ್ತಬೇಕು. ಅದನ್ನು ಕಲಿಯಲು ನಮ್ಮ ಸಾಲಿಗೆ ಎರಡು ವರ್ಷ ಹಿಡಿಯಿತು. ಕಲಿತ ಮೇಲೆ ನಮಗೆ ಬಂದ ಜಂಬಕ್ಕೆ ಮಿತಿಯಿರಲಿಲ್ಲ. ಕೆಳಗಿನ ಸಾಲಿನವರು ಕೇಳಿದ್ದಕ್ಕೆ ಕುಣಿಯುವವರು, ಅದನ್ನು ಯಾರು ಬೇಕಾದರೂ ಮಾಡಬಹುದು. ನಾವು ಇನ್ನೂ ಬಾರದ್ದಕ್ಕೆ ಕುಣಿಯುವವರು. ಕೆಳಗೆ ಜಾಗ ಖಾಲಿಯಿದ್ದಾಗಲೂ ನಾನು ಇಳಿದಿಲ್ಲ.

ನನ್ನ ಗಂಡ ಪಂಪಾಪತಿ ಸಿಕ್ಕಿದ್ದು ಆ ಸಾಲಿನಲ್ಲೇ. ಪಕ್ಕದಲ್ಲಿ ನಿಂತು, ನಲವತ್ತು ವರ್ಷದಿಂದ, ಎಲ್ಲರ ಕಾಲು ನೆಲ ಮುಟ್ಟಿದ ಮೇಲೆ ತನ್ನ ಕಾಲು ಇಳಿಸುವ ಮಹಾನುಭಾವ. ಮದುವೆಯ ದಿನವೂ ತಡವಾಗಿಯೇ ಬಂದ. ನಾನು ಹೇಳಿ ನೋಡಿದೆ, ಗೋಗರೆದು ನೋಡಿದೆ, ತೊಡೆ ಚಿವುಟಿ ನೋಡಿದೆ. "ಬಡದೀನಲ್ಲ ಬಿಡು, ಯಾಕ ಅವಸರ?" ಎಂಬುದೊಂದೇ ಉತ್ತರ. ಸಾಲಿನವರು ಅವನಿಗೆ ‘ಬಾಲ’ ಎಂದು ಹೆಸರಿಟ್ಟರು. ನನಗೆ ನಿಜಕ್ಕೂ ನಾಚಿಕೆಯಾಗುತ್ತಿತ್ತು.

ಈ ವರ್ಷದ ಕಥೆಗೆ ಬರುತ್ತೇನೆ. ಗಾದಿಲಿಂಗನ ಕಿವಿ ಪೂರ್ತಿ ಹೋಯಿತು. ಒಳಗಿನ ನರವೇ ಸತ್ತಿದೆ, ಮಣಿ ಹಾಕಿದರೂ ಉಪಯೋಗವಿಲ್ಲ ಎಂದರು ವೈದ್ಯರು. ತಂಡದ ಜೊತೆ ಕೂತು ಅಭ್ಯಾಸ ಮಾಡಿದಾಗ ಅವನು ಒಂದು ದಾರಿ, ಮೌಲಾಲಿಯ ಗಿಟಾರ್ ಇನ್ನೊಂದು ದಾರಿ. ಕೋಲು ಕೆಳಗಿಡುತ್ತೇನೆ, ಬೇರೆಯವರನ್ನು ತಗೊಳ್ಳಿ ಎಂದನಂತೆ. ಅವನಿಲ್ಲದೆ ‘ತಗಡು’ ಇಲ್ಲ ಎಂದಳಂತೆ ಹುಲಿಗಿ. ಈ ಸುದ್ದಿ ಊರೂರು ಹಬ್ಬಿ, ಹೆಚ್ಚುತಿಂಗಳ ಮೊದಲ ನಸುಕಿಗೆ ಗುಂಡಿ ತುಂಬಿತು. ತೂಗುಬಂಡಿಗಳು, ಅಂದರೆ ಹಗ್ಗದ ಮೇಲೆ ಓಡುವ ನಮ್ಮ ಬಸ್ಸುಗಳು, ಜನರನ್ನು ತಂದು ಸುರಿಯುತ್ತಲೇ ಇದ್ದವು. ಎಷ್ಟೋ ಜನ ಅಳುತ್ತಲೇ ತಗಡು ಹಾಸಿಕೊಂಡರು. ನಾನೂ ಅತ್ತೆ. ಹತ್ತೊಂಬತ್ತನೆಯ ವಯಸ್ಸಿನಿಂದ ನನ್ನ ವರ್ಷಗಳು ಆ ಪೆಟ್ಟಿನ ಮೇಲೆಯೇ ಓಡಿವೆ, ಅದು ನಿಂತರೆ ನಾನು ಏನು ಮಾಡಲಿ?

ಹುಲಿಗಿ ಬಂದು ನೇರವಾಗಿ ಹೇಳಿದಳು. "ಗಾದಿಲಿಂಗಗೆ ಕಿವಿ ಕೇಳಂಗಿಲ್ಲ. ಬರಿಗಾಲಾಗೆ ಕುಂತಾನ. ನೀವು ಬಡದಿದ್ದು ಅವನ ಅಂಗಾಲಿಗೆ ಮುಟ್ಟಬೇಕು, ಅವನು ಅದನ್ನ ಹಿಡೀತಾನ. ಹಾಡು ಮುರೀತಂದ್ರೆ ಇದೇ ಕೊನೇದು, ಮತ್ತೆ ಕರಿಯಂಗಿಲ್ಲ."

ಅಲ್ಲಿಯವರೆಗೆ ಅವನ ಪೆಟ್ಟಿಗೆ ನಾವು ಕಾಲು ಹಾಕುತ್ತಿದ್ದೆವು. ಈಗ ಪೆಟ್ಟು ಕೊಡಬೇಕಾದವರು ನಾವು. ಮೌಲಾಲಿ ತಂತಿ ಮೀಟಿದ, ನಾವು ಬಡಿದೆವು. ಗಾದಿಲಿಂಗ ಕಣ್ಣು ಮುಚ್ಚಿ, ಕತ್ತು ಒಂದು ಕಡೆ ವಾಲಿಸಿ, ಅಂಗಾಲನ್ನು ನೆಲಕ್ಕೊತ್ತಿ ಕಾದ. ಮೊದಲ ನಾಲ್ಕು ಪೆಟ್ಟು ಅವನು ಕೋಲೆತ್ತಲೇ ಇಲ್ಲ. ಐದನೆಯದಕ್ಕೆ ಎತ್ತಿದ. ಆರನೆಯದಕ್ಕೆ ಅವನ ಕೋಲೂ ನಮ್ಮ ಕಾಲೂ ಒಟ್ಟಿಗೆ ಬಿದ್ದವು. ಗುಂಡಿ ಹೋ ಎಂದಿತು. ಆಮೇಲೆ ಹಾಡಿನ ಮೇಲೆ ಹಾಡು.

ಆದರೆ ಕೊನೆಯ ಹಾಡಿನಲ್ಲಿ ಒಂದು ನಿಲುಗಡೆ ಇದೆ. ಎಲ್ಲರೂ ಒಮ್ಮೆಲೇ ನಿಲ್ಲಬೇಕು, ಗಿಟಾರ್ ಇಲ್ಲ, ದನಿ ಇಲ್ಲ, ಕಾಲೂ ಇಲ್ಲ. ಆ ಮೌನವನ್ನು ಒಡೆಯುವುದು ಯಾವಾಗಲೂ ಗಾದಿಲಿಂಗನ ಕೆಲಸವಾಗಿತ್ತು. ಈ ಸಲ ಅವನು ಕೋಲುಗಳನ್ನು ತಲೆಯ ಮೇಲೆತ್ತಿ ನಮಗಾಗಿ ಕಾಯುತ್ತಿದ್ದ. ನಾವು ಅವನಿಗಾಗಿ ಕಾಯುತ್ತಿದ್ದೆವು, ಹಳೆಯ ಅಭ್ಯಾಸ. ಅಷ್ಟು ಸಾವಿರ ಜನರಲ್ಲಿ ಮೊದಲು ಕಾಲಿಡುವ ಧೈರ್ಯ ಒಬ್ಬರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಅವನು ಎತ್ತಿದ ಕೋಲುಗಳು ಮೆಲ್ಲಗೆ ತಗ್ಗತೊಡಗಿದ್ದು ಮೇಲಿನ ಸಾಲಿಗೂ ಕಂಡಿತು.

ಆಗ ನನ್ನ ಪಕ್ಕದಲ್ಲಿ ‘ಧಡ್’ ಎಂದಿತು. ಪಂಪಾಪತಿ! ಎಲ್ಲರೂ ಬಡಿದು ಮುಗಿಸಿದ ಹಿಂದಿನ ಪೆಟ್ಟನ್ನು ಆ ಮನುಷ್ಯ ಈಗ ಬಡಿದಿದ್ದ. ಕೈ ಎತ್ತಿ ಹೊಡೆಯಬೇಕು ಅನಿಸಿತು. ಆದರೆ ಕೈಗಿಂತ ಮೊದಲು ನನ್ನ ಕಾಲು ಇಳಿಯಿತು. ನನ್ನದರ ಹಿಂದೆ ಇಡೀ ಮೇಲಿನ ಸಾಲು, ಅದರ ಹಿಂದೆ ನಡುವಿನದು, ಕೆಳಗಿನದು, ಒಂದೇ ಪೆಟ್ಟಾಗಿ ಹೋಗಿ ಗಾದಿಲಿಂಗನ ಅಂಗಾಲಿಗೆ ಮುಟ್ಟಿತು. ಅವನ ಎರಡು ಕೋಲೂ ಸಿಡಿಲಿನ ಹಾಗೆ ಇಳಿದವು. ಹುಲಿಗಿ ಹಾಡಲಿಲ್ಲ, ಕೂಗಿದಳು, ಶ್ರುತಿಯ ಹಂಗೇ ಇಲ್ಲದೆ. ಗುಂಡಿಯ ಗೋಡೆಯಿಂದ ಕೆಂಪು ಧೂಳೆದ್ದು ನಾವೆಲ್ಲ ಒಂದೇ ಬಣ್ಣವಾದೆವು. ಹಾಡು ಮುಗಿದ ಮೇಲೆ ಗಾದಿಲಿಂಗ ಬರಿಗಾಲಿನಲ್ಲೇ ಎದ್ದು ನಿಂತು, ತನಗೇ ಕೇಳಿಸದ ದನಿಯಲ್ಲಿ "ಕೇಳಿಸ್ತು! ಕಾಲಾಗೆ ಕೇಳಿಸ್ತು!" ಎಂದು ಚೀರಿದ. ಅಂಥ ಸಂತೋಷವನ್ನು ನಾನು ಈ ಜನ್ಮದಲ್ಲಿ ಇನ್ನೊಮ್ಮೆ ಕಂಡಿಲ್ಲ. ನಾವು ಗೆದ್ದಿದ್ದೆವು.

ಅದು ಹಿಂದಿನ ಪೆಟ್ಟಿನ ತಡವಲ್ಲ, ಮುಂದಿನ ಪೆಟ್ಟಿನ ಆತುರ ಎಂದು ಪಂಪಾಪತಿ ಈಗ ವಾದಿಸುತ್ತಿದ್ದಾನೆ. ಮಿರ್ಚಿ ತಿನ್ನುವಾಗ ಶುರುವಾದ ಜಗಳ ಮೂರನೆಯ ದಿನವೂ ನಡೆದಿದೆ. ಯಾರೂ ಅವನನ್ನು ‘ಬಾಲ’ ಎನ್ನುತ್ತಿಲ್ಲ. ನಾಳೆ ನಸುಕಿಗೆ ಮತ್ತೆ ಕಛೇರಿ. ಪಂಪಾಪತಿ ತನ್ನ ತಗಡನ್ನು ಆಗಲೇ ಬಾಗಿಲಿಗೆ ಒರಗಿಸಿದ್ದಾನೆ.

ಹಿರಿಯರೇ, ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಕಛೇರಿಗಳಲ್ಲಿ ನೀವು ಕೈಯಲ್ಲಿ ಬೆಳಕಿನ ಹಲಗೆ ಎತ್ತಿ ಹಿಡಿದು, ಅದರೊಳಗೆ ತಂಡವನ್ನು ನೋಡುತ್ತೀರಂತೆ. ನೋಡಿ, ಬೇಡ ಎನ್ನುವುದಿಲ್ಲ. ಆದರೆ ಕಾಲನ್ನು ಸುಮ್ಮನೆ ಇಡಬೇಡಿ. ಮುಂದೊಂದು ದಿನ ಯಾರೋ ಬಂದು ನಿಮ್ಮ ನಿಮ್ಮ ಕಿವಿಗೆ ತಕ್ಕ ಹಾಗೆ ಹಾಡು ತಿದ್ದಿಕೊಡುತ್ತೇವೆ ಎನ್ನುತ್ತಾರೆ, ನೀವು ಒಪ್ಪಿಯೂಬಿಡುತ್ತೀರಿ. ಅದನ್ನು ತಪ್ಪಿಸಲು ನನ್ನಿಂದಾಗದು. ಅದಕ್ಕೆ ಮೊದಲು ಕೊನೆಯ ಸಾಲಿನಲ್ಲಿ ನಿಂತು ನೆಲಕ್ಕೊಂದು ಪೆಟ್ಟು ಕೊಡಿ. ನಿಮ್ಮಿಂದ ನಮ್ಮ ಗುಂಡಿಗೆ ಇನ್ನೂರು ವರ್ಷದ ದೂರ, ಸದ್ದು ದಾರಿಯಲ್ಲಿ ಹೊತ್ತು ಮಾಡುತ್ತದೆ. ನಾವು ಕಾಲಿಗೆ ಏನೂ ಹಾಕಿಕೊಳ್ಳದೆ ಕಾದಿದ್ದೇವೆ. ಈಗಲೇ ಬಡಿಯಿರಿ.

ಇತಿ,
ಹೊನ್ನೂರಮ್ಮ, ಮೇಲಿನ ಸಾಲು