ಚೀಲದಲ್ಲೇ ಉಳಿದ ಮೊಟ್ಟೆಗಳು

ಮಂಗಳೂರು
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರ ತೊಂಬತ್ತೊಂದು

ಯಹೂದಿ–ಕ್ರೈಸ್ತ ಸಂಬಂಧದ ಬಗ್ಗೆ ಸ್ನಾತಕೋತ್ತರ ಪಾಠಕ್ರಮ ಬರೆಯಲು ಕೂತಿರುವ ಹಿರಿಯರಿಗೆ,

ದಿನಾಂಕ ನೋಡಿ ಪತ್ರ ಬಿಸಾಡಬೇಡಿ. ನಮ್ಮಲ್ಲಿ ಪ್ರತಿ ತಿಂಗಳಿಗೂ ಮೂವತ್ತು ದಿನ; ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಯಲ್ಲಿ ನಿಂತಿರುತ್ತವೆ. ಕೆಲವು ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನನ್ನ ಹೆಸರು ಬೆನೆಡಿಕ್ಟಾ. ಓದಿದ್ದು ಹತ್ತನೆಯ ತರಗತಿವರೆಗೆ, ಬರೆದು ಅಭ್ಯಾಸವಿರುವುದು ದಿನಚರಿ ಮಾತ್ರ. ಇದನ್ನು ಹಿಂದಂಚೆಯಲ್ಲಿ ಕಳಿಸುತ್ತಿದ್ದೇನೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಆಯುಷ್ಯದಲ್ಲಿ ಒಂದೇ ಪತ್ರ, ಅದೂ ನೂರು ವರ್ಷಕ್ಕಿಂತ ಈಚೆಗೆ ತಲುಪುವುದಿಲ್ಲ. ತಲುಪುವಂತಿದ್ದರೆ ನಿಮಗೇಕೆ ಬರೆಯುತ್ತಿದ್ದೆ? ಕಳೆದ ತಿಂಗಳು ಬದುಕಿದ್ದ ನನ್ನ ಗಂಡನಿಗೆ ಬರೆಯುತ್ತಿದ್ದೆ.

ಗಂಡ ವಲೇರಿಯನ್ ನೀರುಬಸ್ಸು ಓಡಿಸುತ್ತಿದ್ದರು. ಕಡಲು ಮೇಲೆ ಬಂದು ಪೇಟೆಯ ಅರ್ಧ ರಸ್ತೆ ಮುಳುಗಿದ ಮೇಲೆ, ಆ ರಸ್ತೆಗಳ ಮೇಲೆ ತೇಲುತ್ತಾ ಹೋಗುವ ಬಸ್ಸು ಅದು. ನಿವೃತ್ತಿಯಾದ ಮರುವಾರವೇ ಗುಡ್ಡದ ಮೇಲಿನ ವಿದ್ಯಾಪೀಠಕ್ಕೆ ಹೋಗಿ, ನೀವು ಬರೆಯಲಿರುವ, ನಮ್ಮ ಕಾಲಕ್ಕೂ ನಡೆಯುತ್ತಿರುವ ಕೋರ್ಸಿಗೆ ಸೇರಿಕೊಂಡರು. ಎಲ್ಲ ಧರ್ಮದವರನ್ನೂ ದಾಟಿಸಿದೆ, ಒಬ್ಬರ ಹತ್ತಿರವೂ ನೆಟ್ಟಗೆ ಮಾತಾಡಲಿಲ್ಲ ಎಂಬುದು ಅವರ ಕೊರಗು. ಕೋರ್ಸಿನಲ್ಲಿ ಜೋಡಿಓದು ಕಡ್ಡಾಯ. ಯಹೂದಿಗಳಲ್ಲಿ ಹಿಂದಿನಿಂದ ಇದ್ದ ಕ್ರಮವಂತೆ: ಇಬ್ಬರು ಒಂದೇ ಗ್ರಂಥ ಮುಂದಿಟ್ಟುಕೊಂಡು ಜಗಳವಾಡುತ್ತಾ ಓದುವುದು. ಇವರಿಗೆ ಜೋಡಿಯಾಗಿ ಸಿಕ್ಕವಳು ಶೋಶನಾ ಪೆಣಕರ್. ಅವಳ ಹಿರಿಯರು ಕೊಂಕಣ ತೀರದ ಯಹೂದಿಗಳು, ಧರ್ಮದ ವಿಶ್ರಾಂತಿದಿನವೆಂದು ಶನಿವಾರ ಗಾಣ ನಿಲ್ಲಿಸುತ್ತಿದ್ದ ಎಣ್ಣೆಗಾರರು. ಪ್ರತಿ ಮಂಗಳವಾರ ಸಂಜೆ ನಮ್ಮ ಊಟದ ಮೇಜಿನ ಮೇಲೆ ಬೈಬಲಿನಲ್ಲಿರುವ, ಎರಡೂ ಧರ್ಮಕ್ಕೆ ಸೇರಿದ ಕೀರ್ತನೆಗಳು.

“ಒಂದು ಸಾಲು ಓದ್ಲಿಕ್ಕೆ ಬಿಡಿ ಮಾರಾಯ್ರೆ, ಪಾದ್ರಿ ಹಾಗೆ ಪ್ರಸಂಗ ಶುರು ಮಾಡಿದ್ರಿ!” ಎಂದು ಅವಳು.

“ನಿನ್ನ ಪ್ರಶ್ನೆ ಮುಗಿದ್ರೆ ಅಲ್ವಾ ಸಾಲು ಮುಂದೆ ಹೋಗುವುದು? ಇಷ್ಟೊತ್ತಿಗೆ ನನ್ನ ಬಸ್ಸು ಉಳ್ಳಾಲ ಮುಟ್ಟಿ ವಾಪಸ್ ಬರ್ತಿತ್ತು,” ಎಂದು ಇವರು.

ಹೀಗೆ ಎರಡು ವರ್ಷದಲ್ಲಿ ಮುಗಿದದ್ದು ಮೂವತ್ತೆಂಟು ಕೀರ್ತನೆ. ಮುಂದಿನದಕ್ಕೆ ಗುರುತಿನ ದಾರ ಇಟ್ಟು ಮಲಗಿದ ಇವರು ಬುಧವಾರ ಬೆಳಿಗ್ಗೆ ಏಳಲಿಲ್ಲ. ಗುರುವಾರ ಮಣ್ಣು ಮಾಡಿದೆವು. ಶುಕ್ರವಾರ ಇಡೀ ತರಗತಿ, ಗುರುಗಳೂ ಸೇರಿ ಹನ್ನೆರಡು ಜನ, ಮನೆಗೆ ಬಂದರು.

ಅವರ ಜೊತೆ, ಯಾರ ಮನೆಯಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಹೇಳುವ ನಿಮ್ಮ ಕೋರ್ಸಿನ ಕೈಪಿಡಿಯೂ ಬಂತು. ಕ್ರೈಸ್ತರ ಮನೆ, ಅವರೇ ಜಪಮಾಲೆ ಶುರು ಮಾಡಲಿ ಎಂದು ಯಹೂದಿ ವಿದ್ಯಾರ್ಥಿಗಳು ಕಾದರು. ಕ್ರೈಸ್ತ ವಿದ್ಯಾರ್ಥಿಗಳೋ, ಸಾವಿನ ಮನೆಯವರು ಮಾತೆತ್ತುವ ತನಕ ಬಂದವರು ಮಾತಾಡಬಾರದು ಎಂಬ ಯಹೂದಿ ಪದ್ಧತಿಯನ್ನು ಕಲಿತು, ಮೆಚ್ಚಿ, ಪ್ರಬಂಧ ಬರೆದು, ಅದನ್ನು ನನ್ನ ಮೇಲೆ ಪ್ರಯೋಗಿಸಲು ಬಂದಿದ್ದರು. ಯಾರಾದರೂ ಜಪ ಶುರು ಮಾಡಿಯಾರು ಎಂದು ನಾನು ಕಾದೆ. ನಲವತ್ತು ನಿಮಿಷ! ಚಹಾ ಕೆನೆಗಟ್ಟಿತು. ಪಕ್ಕದ ಮನೆಯ ಕಾರ್ಮಿನ್ ಬಾಯಿ ಇಣುಕಿ, “ಇವರೆಲ್ಲ ಎಂತ, ಫೋಟೋ ತೆಗೆಸ್ಲಿಕ್ಕೆ ಕೂತದ್ದಾ?” ಎಂದು ಕೇಳಿ ಹೋದಳು. ಕೊನೆಗೆ ಎಲ್ಲರೂ ಕೈಮುಗಿದು ಎದ್ದರು. ಬುಧವಾರದಿಂದ ನಾನು ಅನ್ನ ಮುಟ್ಟಿರಲಿಲ್ಲ. ಅದನ್ನು ಒಬ್ಬರೂ ಕೇಳಲಿಲ್ಲ. ಎರಡು ದಿನ ಬಿಟ್ಟು ಗುರುಗಳಿಂದ ಒಂದು ನಮೂನೆ ಬಂತು: ಹಂಚಿಕೊಂಡ ಮೌನ ನಿಮಗೆ ಎಷ್ಟು ಸಾಂತ್ವನ ನೀಡಿತು, ಒಂದರಿಂದ ಹತ್ತರೊಳಗೆ ಗುರುತು ಹಾಕಿ. ಅದರ ಮೇಲೆ ಬಿಸಿ ಪಾತ್ರೆ ಇಟ್ಟೆ.

ಉಳಿದವರ ಮೇಲಿನ ಸಿಟ್ಟು ಇಳಿಯಿತು, ಶೋಶನಾಳ ಮೇಲಿನದು ಇಳಿಯಲಿಲ್ಲ. ಎರಡು ವರ್ಷ ನನ್ನ ಮೇಜಿನಲ್ಲಿ ಗಂಟಲು ಹರಿದುಕೊಂಡವಳಿಗೆ ಆ ದಿನ ಒಂದು ಸಲ ‘ಅಕ್ಕ’ ಎನ್ನಲಾಗಲಿಲ್ಲವೇ? ಆಮೇಲಿನ ಎರಡು ಮಂಗಳವಾರ ಅವಳು ಬಾಗಿಲು ತಟ್ಟಿದಳು; ನಾನು ತೆಗೆಯಲಿಲ್ಲ. ಇವರ ಜಗಳದ ದನಿ ನೆನಪಿರುವ ಇನ್ನೊಂದು ಜೀವ ಅವಳೊಬ್ಬಳೇ, ಅವಳನ್ನೂ ಕಳೆದುಕೊಳ್ಳುತ್ತೇನೆ ಎಂದು ಗೊತ್ತಿತ್ತು. ಆದರೂ ತೆಗೆಯಲಿಲ್ಲ.

ಇವತ್ತು ಮೂರನೆಯ ಮಂಗಳವಾರ. ಅವಳು ತಟ್ಟಲಿಲ್ಲ, ಹೊರಗಿನಿಂದಲೇ ಕೂಗಿದಳು.

“ಬೆನ್ನಕ್ಕ, ಆ ದಿನ ನಾನು ಬೇಯಿಸಿದ ಮೊಟ್ಟೆ ತಂದಿದ್ದೆ! ಮಣ್ಣು ಮಾಡಿ ಬಂದವರಿಗೆ ನಮ್ಮಲ್ಲಿ ಮೊದಲು ಕೊಡುವುದು ಅದನ್ನೇ. ಈ ತಪಸ್ಸುಕಾಲದ ಉಪವಾಸದಲ್ಲಿ ನೀವು ಮೊಟ್ಟೆ ಮುಟ್ಟುವುದಿಲ್ಲ ಅಂತ ಕೈಪಿಡಿಯಲ್ಲಿತ್ತು. ಚೀಲದಲ್ಲಿ ಹಿಡ್ಕೊಂಡು ಕೂತಿದ್ದೆ.”

“ಶುಕ್ರವಾರ ನಾವು ಬಿಡುವುದು ಮಾಂಸ. ಮೊಟ್ಟೆ ಬಿಟ್ಟದ್ದು ನನ್ನ ಅಜ್ಜಿಯ ಅಜ್ಜಿಗೂ ಗೊತ್ತಿಲ್ಲ. ಕೇಳ್ಬಾರದಿತ್ತಾ ನಿನಗೆ?” ಎಂದೆ ಒಳಗಿನಿಂದ.

“ನೀವು ಮಾತಾಡುವ ಮೊದಲು ಕೇಳ್ಲಿಕ್ಕಿಲ್ಲ ಅಂತ ಕೂಡ ಅದರಲ್ಲೇ ಉಂಟು ಅಕ್ಕ!”

ಮೂರು ವಾರದಲ್ಲಿ ಮೊದಲ ಸಲ ನಗು ಬಂತು. ಅದರ ಹಿಂದೆಯೇ ಅಳು. ಬಾಗಿಲು ತೆಗೆದೆ.

ಹಿರಿಯರೇ, ಪಾಠಕ್ರಮ ಬೇಡ ಎನ್ನುವುದಿಲ್ಲ. ಅದಿಲ್ಲದಿದ್ದರೆ ಈ ಹುಡುಗಿ ನಮ್ಮ ಮನೆ ಮೆಟ್ಟಿಲು ಹತ್ತುತ್ತಿರಲಿಲ್ಲ. ಆದರೆ ಸಾವಿನ ಮನೆಯ ಅಧ್ಯಾಯದಲ್ಲಿ ಮೊದಲ ಸಾಲು ನನ್ನದಿರಲಿ: ಹೋದ ಕೂಡಲೇ ಊಟವಾಯಿತೇ ಎಂದು ಕೇಳಿ. ಇದಕ್ಕಾಗಿ ನನ್ನ ಪಾಲಿನ ಒಂದೇ ಪತ್ರವನ್ನು ಖರ್ಚು ಮಾಡಿದ್ದೇನೆ, ದಯವಿಟ್ಟು ಅಡಿಟಿಪ್ಪಣಿಗೆ ತಳ್ಳಬೇಡಿ.

ನಾನು ಇದನ್ನು ಬರೆಯುತ್ತಿರುವಾಗ ಶೋಶನಾ ಇವತ್ತು ಹೊಸದಾಗಿ ಬೇಯಿಸಿ ತಂದ ಮೊಟ್ಟೆ ಸುಲಿದಿಟ್ಟು, ದಾರ ಇದ್ದ ಪುಟ ತೆರೆದು, ವಲೇರಿಯನ್ ಕೂರುತ್ತಿದ್ದ ಕುರ್ಚಿಯ ಹತ್ತಿರ ನಿಂತಿದ್ದಾಳೆ. “ಅಕ್ಕ, ಇದರಲ್ಲಿ ಯಾರಾದ್ರೂ ಕೂರಬಹುದಾ?” ಎಂದು ಕೇಳಿದಳು. ನೋಡಿ, ಕೇಳಿದಳು.

“ಅದರಲ್ಲಿ ನಾನು ಕೂರ್ತೇನೆ, ನೀನು ನಿನ್ನ ಜಾಗದಲ್ಲಿ ಕೂತು ಓದು,” ಎಂದೆ. ಹೋಗುತ್ತೇನೆ.

ಬೆನೆಡಿಕ್ಟಾ